ಆ್ಯಪ್‌ಗೆ ದುಡ್ಡು ಎಲ್ಲಿಂದ ಕಟ್ಟೋಣ? ಸ್ಟೋರ್, ವೆಬ್‌ಸೈಟ್, ಯುಪಿಐ: ಯಾರಿಗೆ ಯಾವುದು

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಆನ್‌ಲೈನ್ ಅರ್ಜಿ, ರೀಚಾರ್ಜ್, ಫೋನಿನ ಸಣ್ಣಪುಟ್ಟ ರಿಪೇರಿ ಎಲ್ಲ ಇಲ್ಲೇ. 2025ರ ಮೇ ತಿಂಗಳ ಮೊದಲ ವಾರ ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬಂದು ಫೋನನ್ನು ಮೇಜಿನ ಮೇಲಿಟ್ಟರು. "ಅಮೆರಿಕದ ಕೋರ್ಟು ಆಪಲ್‌ನವರಿಗೆ ಕಮಿಷನ್ ತೆಗೀಬೇಡಿ ಅಂದಿದೆಯಂತಲ್ಲ. ಇನ್ನು ಮೊಮ್ಮಗಳ ಪಾಠದ ಆ್ಯಪ್ ಅಗ್ಗ ಆಗ್ತದಾ?" ಅಂತ ಕೇಳಿದರು.

ಪ್ರಿಂಟ್ ತೆಗೆಸಲು ನಿಂತಿದ್ದ ಇಂಜಿನಿಯರಿಂಗ್ ಹುಡುಗ ನಡುವೆ ಬಾಯಿ ಹಾಕಿದ. "ಅಗ್ಗ ಆಗೋದು ನಿಮಗಲ್ಲ ಮಾವ. ಉಳಿಯೋದು ಆ್ಯಪ್ ಮಾಡಿದವರಿಗೆ." ಆಧಾರ್ ಪ್ರತಿ ತೆಗೆಸಲು ಬಂದಿದ್ದ ಟೀಚರಕ್ಕ ಸುಮ್ಮನಿರಲಿಲ್ಲ. "ಹೊರಗಡೆ ಕಟ್ಟಿ ದುಡ್ಡು ಹೋದರೆ ಆಮೇಲೆ ಯಾರ ಹತ್ತಿರ ಹೋಗಿ ಕೇಳೋದು?"

ಆ ತೀರ್ಪಿನ ಬಗ್ಗೆ ಹೊರಗಿನ ಜನ ಆಡಿದ ಮಾತೂ ಹೆಚ್ಚುಕಡಿಮೆ ಈ ಮೂರೇ. ಬೆಲೆ ಇಳಿಯುತ್ತಾ, ಲಾಭ ಯಾರಿಗೆ, ದುಡ್ಡಿಗೆ ಯಾರು ಹೊಣೆ. ಅವತ್ತಿನಿಂದ ಅಂಗಡಿಗೆ ಬಂದವರೆಲ್ಲ "ಹಾಗಾದ್ರೆ ನಾನೆಲ್ಲಿ ಕಟ್ಟಲಿ?" ಅಂತಲೇ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಕೋರ್ಟು ಹೇಳಿದ್ದೇನು

ಐಫೋನಿನ ಆ್ಯಪ್‌ಗಳು ಸಿಗುವ ಸ್ಟೋರ್ ಆಪಲ್‌ನದು. ಆ್ಯಪ್‌ನೊಳಗೆ ಕಟ್ಟುವ ದುಡ್ಡಿನಲ್ಲಿ ಅದು ಕಮಿಷನ್ ಹಿಡಿಯುತ್ತದೆ. ಅದನ್ನು ತಪ್ಪಿಸಲು ಫೋರ್ಟ್‌ನೈಟ್ ಆಟ ಮಾಡುವ ಎಪಿಕ್ ಗೇಮ್ಸ್ ಕಂಪನಿ 2020ರ ಆಗಸ್ಟ್‌ನಲ್ಲಿ ತನ್ನ ಆಟದೊಳಗೆ ತನ್ನದೇ ಪಾವತಿ ದಾರಿ ಇಟ್ಟಿತು. ಆಪಲ್ ಆ ಆಟವನ್ನು ತನ್ನ ಸ್ಟೋರಿನಿಂದ ತೆಗೆಯಿತು. ಜಗಳ ಕೋರ್ಟಿಗೆ ಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರೋಜರ್ಸ್ ಎಪಿಕ್‌ನ ಹೆಚ್ಚಿನ ವಾದಗಳನ್ನು ಒಪ್ಪಲಿಲ್ಲ. ಒಂದನ್ನು ಮಾತ್ರ ಒಪ್ಪಿದರು. "ಹೊರಗೆ ಇಷ್ಟು ಬೆಲೆಗೆ ಸಿಗುತ್ತದೆ" ಅಂತ ಗ್ರಾಹಕರಿಗೆ ಹೇಳುವ ಆ್ಯಪ್‌ನವರನ್ನು ಆಪಲ್ ತಡೆಯಬಾರದು ಅಂದರು.

ಆಪಲ್ 2024ರ ಜನವರಿಯಲ್ಲಿ ಹೊರಗಿನ ವೆಬ್‌ಸೈಟಿನ ಕೊಂಡಿ (ಲಿಂಕ್) ಇಡಲು ಒಪ್ಪಿತು. ಆದರೆ ಆ ಕೊಂಡಿಯಿಂದ ಹೋಗಿ ಕಟ್ಟಿದ ದುಡ್ಡಿಗೂ 27% ಕೇಳಿತು. ಒಳಗೆ 30%, ಹೊರಗೆ 27%. ಹೊರಗೆ ಕಾರ್ಡಿನ ಖರ್ಚು ಬೇರೆ ಬೀಳುತ್ತದೆ. ಹಾಗಾದರೆ ಹೊರಗೆ ಹೋಗಿ ಸಿಕ್ಕಿದ್ದೇನು? 2025ರ ಏಪ್ರಿಲ್ 30ರಂದು ಅದೇ ನ್ಯಾಯಾಧೀಶೆ, ಆಪಲ್ ಬೇಕೆಂದೇ ಆದೇಶ ಮೀರಿದೆ ಎಂದು ಹೇಳಿ, ಹೊರಗಿನ ಖರೀದಿಗೆ ಕಮಿಷನ್ ಹಾಕುವುದನ್ನೇ ನಿಲ್ಲಿಸಿದರು. ಕ್ರಿಮಿನಲ್ ನ್ಯಾಯಾಂಗ ನಿಂದನೆ ಆಗಿದೆಯೇ ಅಂತ ನೋಡಲು ವಿಷಯವನ್ನು ಸರ್ಕಾರಿ ವಕೀಲರಿಗೂ ಕಳಿಸಿದರು. ಕೆಲವೇ ದಿನಗಳಲ್ಲಿ ಸ್ಪಾಟಿಫೈ, ಕಿಂಡಲ್ ತಮ್ಮ ಅಮೆರಿಕದ ಆ್ಯಪ್‌ಗಳಲ್ಲಿ ಹೊರಗಿನ ಕೊಂಡಿ ಹಾಕಿದವು. ಮೇ ತಿಂಗಳಲ್ಲೇ ಫೋರ್ಟ್‌ನೈಟ್ ಅಲ್ಲಿನ ಸ್ಟೋರಿಗೆ ಮರಳಿತು. ಆಪಲ್ ಮೇಲ್ಮನವಿಗೆ ಹೋಯಿತು.

ಇಷ್ಟರಲ್ಲಿ ನಾವು ನೆನಪಿಡಬೇಕಾದ್ದು ಒಂದೇ. ಇದು ಅಮೆರಿಕದ ಸ್ಟೋರಿಗೆ ಕೊಟ್ಟ ಆದೇಶ. ನಮ್ಮ ಫೋನಿನಲ್ಲಿ ಅದರಿಂದ ತಾನಾಗಿ ಏನೂ ಬದಲಾಗುವುದಿಲ್ಲ.

ನಮ್ಮ ದೇಶದಲ್ಲಿ ಜಗಳ ಹೆಚ್ಚಾಗಿ ಗೂಗಲ್ ಜೊತೆ. ಇಲ್ಲಿ ಜಾಸ್ತಿ ಜನರ ಕೈಯಲ್ಲಿರುವುದು ಆಂಡ್ರಾಯ್ಡ್ ಅಲ್ವಾ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಪ್ಲೇ ಸ್ಟೋರಿನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ನಡುವೆ, 2024ರ ಮಾರ್ಚ್ 1ರಂದು, ಶುಲ್ಕ ಕಟ್ಟಿಲ್ಲ ಎಂದು ಗೂಗಲ್ ಕೆಲವು ಭಾರತೀಯ ಆ್ಯಪ್‌ಗಳನ್ನು ಸ್ಟೋರಿನಿಂದಲೇ ತೆಗೆದುಹಾಕಿತ್ತು. ನೌಕರಿ, ಭಾರತ್ ಮ್ಯಾಟ್ರಿಮನಿಯಂಥ ಹೆಸರುಗಳೂ ಅದರಲ್ಲಿದ್ದವು. ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಮಧ್ಯೆ ಬಂದ ಮೇಲೆ ಅವು ಹಿಂತಿರುಗಿದವು. ಆ ವಾರ ಕೆಲಸ ಹುಡುಕುತ್ತಿದ್ದ ಹುಡುಗಿಯೊಬ್ಬಳು ಹೊಸ ಫೋನ್ ಹಿಡಿದು ಬಂದು, "ಅಣ್ಣ, ಆ್ಯಪೇ ಸಿಗ್ತಿಲ್ಲ" ಅಂತ ಗಾಬರಿಯಾಗಿದ್ದು ಇನ್ನೂ ನೆನಪಿದೆ. ಅಲ್ಲೆಲ್ಲೋ ನಡೆಯುವ ಜಗಳ ಇಲ್ಲಿಯ ಮಕ್ಕಳ ಕೈಗೆ ಹೀಗೆ ಬಂದು ತಟ್ಟುತ್ತದೆ.

ಯಾವುದಕ್ಕೆ ಕಮಿಷನ್ ಬೀಳುತ್ತದೆ, ಯಾವುದಕ್ಕೆ ಇಲ್ಲ

ಇಲ್ಲಿ ನಮ್ಮೂರಲ್ಲಿ ದೊಡ್ಡ ಗೊಂದಲ ಇದೆ. ಜೇನು, ಕರಿಮೆಣಸು, ಕಾಫಿಪುಡಿ ಮಾರುವವರು "ಆ್ಯಪ್ ಮಾಡಿಸಿದರೆ ಗೂಗಲ್‌ಗೆ 30% ಕೊಡಬೇಕಲ್ಲ" ಅಂತ ಹೆದರುತ್ತಾರೆ. ಕೊಡಬೇಕಾಗಿಲ್ಲ. ಸ್ಟೋರಿನ ಈ ಶುಲ್ಕ ಇರುವುದು ಫೋನಿನೊಳಗೇ ಬಳಸುವ ವಸ್ತುವಿಗೆ ಮಾತ್ರ. ಹಾಡಿನ ಚಂದಾ, ಆಟದ ನಾಣ್ಯ, ರೆಕಾರ್ಡ್ ಮಾಡಿದ ಪಾಠ, ಫೋಟೋ ಇಡುವ ಜಾಗ, ಇಂಥವು. ಕೈಗೆ ಬರುವ ಸಾಮಾನು, ಹೋಂಸ್ಟೇ ರೂಮು, ಜೀಪಿನ ಬಾಡಿಗೆ, ಬಸ್ ಟಿಕೆಟ್, ಇವಕ್ಕೆ ಸ್ಟೋರಿನ ಪಾವತಿ ದಾರಿಯನ್ನು ಬಳಸುವುದೇ ಇಲ್ಲ. ಕಾರ್ಡೋ ಯುಪಿಐಯೋ ನೇರವಾಗಿ ಹೋಗುತ್ತದೆ.

ಹೋಂಸ್ಟೇ ಬುಕಿಂಗ್ ಸೈಟುಗಳು ತೆಗೆಯುವ ಕಮಿಷನ್ ಬೇರೆ ವಿಷಯ. ಅದು ಆ ಸೈಟಿಗೂ ಮನೆಯವರಿಗೂ ನಡುವಿನ ಒಪ್ಪಂದ. ಈ ತೀರ್ಪಿಗೂ ಅದಕ್ಕೂ ಸಂಬಂಧ ಇಲ್ಲ.

ಬಳಸುವವರಿಗೆ: ಮೂರು ದಾರಿ

ಮೊದಲನೆಯದು ಸ್ಟೋರಿನೊಳಗೇ ಕಟ್ಟುವುದು. ಎರಡನೆಯದು ಬ್ರೌಸರ್ ತೆರೆದು ಕಂಪನಿಯ ವೆಬ್‌ಸೈಟಿಗೆ ಹೋಗಿ ಕಟ್ಟುವುದು. ಮೂರನೆಯದು ನಮ್ಮ ದೇಶದ ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಕೆಲವೊಮ್ಮೆ ಕಾಣುವ ದಾರಿ. ಕಟ್ಟುವ ಹೊತ್ತಿಗೆ ಪರದೆಯ ಮೇಲೆ ಎರಡು ಆಯ್ಕೆ ಬರುತ್ತದೆ: ಒಂದು ಗೂಗಲ್ ಪ್ಲೇ, ಇನ್ನೊಂದು ಕಂಪನಿಯದೇ ಪಾವತಿ.

ಬೆಲೆ ನೋಡಿದರೆ ವೆಬ್‌ಸೈಟ್ ಗೆಲ್ಲುವುದೇ ಜಾಸ್ತಿ. ಒಂದು ಉದಾಹರಣೆ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಟ್ವಿಟರ್‌ನ ನೀಲಿ ಗುರುತಿನ ಚಂದಾ ಭಾರತಕ್ಕೆ ಬಂದಾಗ ವೆಬ್‌ಸೈಟಿನಲ್ಲಿ ತಿಂಗಳಿಗೆ 650 ರೂಪಾಯಿ, ಫೋನಿನ ಆ್ಯಪ್‌ನಲ್ಲಿ 900 ರೂಪಾಯಿ ಇತ್ತು. ವಸ್ತು ಒಂದೇ, 250 ರೂಪಾಯಿ ವ್ಯತ್ಯಾಸ. ವರ್ಷಕ್ಕೆ 3,000. ಎಲ್ಲ ಆ್ಯಪ್‌ಗಳೂ ಹೀಗೆ ಎರಡು ಬೆಲೆ ಇಡುವುದಿಲ್ಲ. ಎಷ್ಟೋ ಕಂಪನಿಗಳು ಎರಡೂ ಕಡೆ ಒಂದೇ ಬೆಲೆ ಇಟ್ಟು, ವೆಬ್‌ನಲ್ಲಿ ಉಳಿದದ್ದನ್ನು ತಾವೇ ಇಟ್ಟುಕೊಳ್ಳುತ್ತವೆ. ಅಂಗಡಿಯಲ್ಲಿ ಆ ಹುಡುಗ ಹೇಳಿದ್ದು ಇದನ್ನೇ.

ನಮ್ಮ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಒಣಗಿದ ಕಾಫಿ ಹಣ್ಣನ್ನು, ಅಂದರೆ ಚೆರ್ರಿಯನ್ನು, ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಟ್ಟರೆ ಒಂದು ರೇಟು. ಗಾಡಿ ಮಾಡಿಸಿ ಕುಶಾಲನಗರದ ಕ್ಯೂರಿಂಗ್‌ಗೆ (ಸಿಪ್ಪೆ ತೆಗೆದು ಬೇಳೆ ಮಾಡುವ ಕಾರ್ಖಾನೆಗೆ) ಒಯ್ದರೆ ಇನ್ನೊಂದು ರೇಟು. ವ್ಯಾಪಾರಿ ಸುಮ್ನೆ ಕಡಿಮೆ ಕೊಡುವುದಿಲ್ಲ. ಗಾಡಿ ಅವನದು, ಆಳು ಅವನದು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೇಳೆ) ಕಡಿಮೆ ಬಂದರೆ ನಷ್ಟವೂ ಅವನದು. ಸ್ಟೋರಿನವರು ಹೇಳುವುದೂ ಅದನ್ನೇ. ಮೋಸ ತಡೆಯುತ್ತೇವೆ, ದುಡ್ಡು ವಾಪಸ್ ಕೊಡಿಸುತ್ತೇವೆ, ಅದಕ್ಕೆ ಖರ್ಚಿದೆ ಅಂತ. ಅದರಲ್ಲಿ ಸತ್ಯ ಇದೆ. ಆದರೆ ಕ್ಯೂರಿಂಗಿಗೆ ಹೋಗುವ ದಾರಿಯನ್ನೇ ವ್ಯಾಪಾರಿ ಮುಚ್ಚಿದರೆ ಯಾರು ಒಪ್ಪುತ್ತಾರೆ? ಹೊರಗೆ ಬೇರೆ ಬೆಲೆ ಇದೆ ಅಂತ ಹೇಳಲೂ ಬಿಡುವುದಿಲ್ಲ ಅಂದರೆ ಅದು ಅನ್ಯಾಯವೇ. ಆ ತೀರ್ಪಿನ ಆ ಭಾಗ ನನಗೆ ಪೂರ್ತಿ ಸರಿ ಅನ್ನಿಸುತ್ತದೆ.

ಬೆಲೆಯ ಮಾತು ಇಷ್ಟಕ್ಕೆ ಸಾಕು. ದಿನಾ ಅಂಗಡಿಯಲ್ಲಿ ಕೂತು ನಾನು ನೋಡುವ ಕಷ್ಟ ಬೆಲೆಯದ್ದಲ್ಲ, ನಿಲ್ಲಿಸುವುದರದ್ದು.

ಕಳೆದ ಮಳೆಗಾಲದಲ್ಲಿ ಅಮ್ಮತ್ತಿ ಕಡೆಯ ಅಕ್ಕ ಒಬ್ಬರು ಬಂದರು. ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, ಸೆರಗಿನಲ್ಲಿ ಫೋನ್ ಒರೆಸಿ ಕೊಟ್ಟರು. ಬ್ಯಾಂಕಿನ ಮೆಸೇಜು: 799 ರೂಪಾಯಿ ಕಟ್. ಅದರ ಕೆಳಗೆ ಹೋದ ತಿಂಗಳದ್ದು, ಮತ್ತೆ 799. ಅದರ ಕೆಳಗೆ ಇನ್ನೊಂದು. ಮಗ ಪರೀಕ್ಷೆಗೆಂದು ಒಂದು ಕೋಚಿಂಗ್ ಆ್ಯಪ್‌ಗೆ ವೆಬ್‌ಸೈಟಿನಲ್ಲಿ ಸೇರಿದ್ದ. ಪರೀಕ್ಷೆ ಮುಗಿದ ಮೇಲೆ ಆ್ಯಪ್ ಅಳಿಸಿದ್ದ. "ತೆಗೆದುಹಾಕಿದ ಮೇಲೂ ಯಾಕೆ ಹೋಗ್ತಾ ಉಂಟು?" ಅನ್ನುವುದು ಅವರ ಪ್ರಶ್ನೆ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಇದನ್ನು ನಾನು ದಿನಕ್ಕೊಮ್ಮೆಯಾದರೂ ಹೇಳುತ್ತೇನೆ. ಸ್ಟೋರಿನಲ್ಲಿ ಕಟ್ಟಿದ್ದರೂ ಅಷ್ಟೇ, ಹೊರಗೆ ಕಟ್ಟಿದ್ದರೂ ಅಷ್ಟೇ.

ಆದರೆ ಸ್ಟೋರಿನಲ್ಲಿ ಕಟ್ಟಿದ್ದರೆ ನನಗೆ ಎರಡು ನಿಮಿಷದ ಕೆಲಸವಾಗುತ್ತಿತ್ತು. ಪ್ಲೇ ಸ್ಟೋರ್ ತೆರೆದು ಮೇಲಿನ ಫೋಟೋ ಒತ್ತಿ, ಪಾವತಿ ಮತ್ತು ಚಂದಾ ಎಂಬ ಜಾಗಕ್ಕೆ ಹೋದರೆ ಎಲ್ಲ ಚಂದಾಗಳೂ ಒಂದೇ ಕಡೆ ಕಾಣುತ್ತವೆ. ಐಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಹೆಸರು ಒತ್ತಿದರೆ ಅಲ್ಲೂ ಹಾಗೆಯೇ. ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಬಳಸಬಹುದು. ಆ ಅಕ್ಕನ ಫೋನಿನಲ್ಲಿ ಇದ್ಯಾವುದೂ ಇರಲಿಲ್ಲ. ವೆಬ್‌ಸೈಟಿನಲ್ಲಿ ಲಾಗಿನ್ ಆಗಬೇಕು, ಮಗನ ಇಮೇಲ್ ಬೇಕು, ಮಗ ಮೈಸೂರಿನಲ್ಲಿ. ಸಹಾಯದ ನಂಬರಿಗೆ ಫೋನ್ ಮಾಡಿದರೆ ಹಾಡು ಕೇಳಿಸಿತು, ಮನುಷ್ಯರು ಸಿಗಲಿಲ್ಲ. ಕೊನೆಗೆ ಯುಪಿಐ ಆ್ಯಪ್ ತೆರೆದು, ಆಟೋಪೇ ಎಂಬಲ್ಲಿ ಹುಡುಕಿ, ಆ ಕಂಪನಿಗೆ ಕೊಟ್ಟಿದ್ದ ಅನುಮತಿಯನ್ನೇ ರದ್ದು ಮಾಡಿದೆವು. ದುಡ್ಡು ಹೋಗುವುದು ನಿಂತಿತು. ಹೋದ 2,397 ರೂಪಾಯಿ ಬರಲಿಲ್ಲ.

ಆ ರದ್ದು ಮಾಡುವ ಜಾಗವನ್ನು ಎಲ್ಲರೂ ಒಮ್ಮೆ ನೋಡಿಡಿ. ಯುಪಿಐ ಆಟೋಪೇ 2020ರಲ್ಲಿ ಬಂತು. ಅದರ ಬೀಗದ ಕೈ ನಮ್ಮ ಹತ್ತಿರವೇ ಇದೆ. ಕಂಪನಿಯವರು ಫೋನ್ ಎತ್ತದಿದ್ದರೂ ನಿಲ್ಲಿಸಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ದುಡ್ಡು ತೆಗೆಯುವ 24 ಗಂಟೆ ಮೊದಲು ಸೂಚನೆ ಬರಬೇಕು. ಸಾಮಾನ್ಯ ಚಂದಾಗಳಲ್ಲಿ 15,000 ರೂಪಾಯಿವರೆಗೆ ಮತ್ತೆ ಪಿನ್ ಕೇಳದೆಯೇ ದುಡ್ಡು ಹೋಗುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಪ್ರತಿ ಸಲ ನಮ್ಮ ಒಪ್ಪಿಗೆ ಬೇಕು. ಆದರೆ ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ, ಟವರ್ ಬಿದ್ದು, ಎರಡು ದಿನ ಸಿಗ್ನಲ್ ಇಲ್ಲದ ಊರುಗಳಲ್ಲಿ ಆ 24 ಗಂಟೆಯ ಸೂಚನೆ ಯಾರಿಗೆ ತಲುಪುತ್ತದೆ? ಭಾಗಮಂಡಲ, ನಾಪೋಕ್ಲು ಕಡೆಯವರು ಈ ಕಷ್ಟ ಹೇಳಿಕೊಂಡಾಗ ನನ್ನಲ್ಲಿ ಉತ್ತರ ಇರುವುದಿಲ್ಲ. ಹಾಗಾಗಿ ನಾನು ಕೊಡುವ ಸಲಹೆ ಇಷ್ಟು: ಆಟೋಪೇ ಬೇಡ. ಒಂದು ಸಲ ಕಟ್ಟುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಮುಗಿದಾಗ ಬೇಕಿದ್ದರೆ ಮತ್ತೆ ಕಟ್ಟೋಣ.

ದುಡ್ಡು ವಾಪಸ್ ಕೇಳುವುದರಲ್ಲೂ ಸ್ಟೋರಿನ ಕೈ ಮೇಲೆ. ಗೂಗಲ್ ಪ್ಲೇಯಲ್ಲಿ ಕೊಂಡ 48 ಗಂಟೆಯೊಳಗೆ ಗೂಗಲ್‌ನಲ್ಲೇ ಕೇಳಬಹುದು. ಅದಾದ ಮೇಲೆ ಆ್ಯಪ್ ಮಾಡಿದವರನ್ನು ಕೇಳಬೇಕು. ಆಪಲ್‌ಗೂ ಅದಕ್ಕೆಂದೇ ಒಂದು ಪುಟ ಇದೆ. ಕೊಡಲೇಬೇಕೆಂದಿಲ್ಲ, ಆದರೆ ಕೇಳಲು ಒಂದು ಬಾಗಿಲು ಇರುತ್ತದೆ. ಹೊರಗೆ ಕಟ್ಟಿದರೆ ಆ ಕಂಪನಿಯೇ ಬಾಗಿಲು, ಅದೇ ಗೋಡೆ. ಟೀಚರಕ್ಕನ ಭಯ ಸುಳ್ಳಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಯೋಚನೆಯೇ ಬೇಡ: ಸ್ಟೋರ್. ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಫೋನಿನ ಮೇಲೆ ಕಣ್ಣಿಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ, "ನನ್ನ ಒಪ್ಪಿಗೆ ಇಲ್ಲದೆ ಏನೂ ಕೊಳ್ಳುವಂತಿಲ್ಲ" ಅಂತ ನೆಮ್ಮದಿಯಾಗಿರುತ್ತಾರೆ. ಆ ಒಪ್ಪಿಗೆ ಕೇಳುವುದು ಗೂಗಲ್ ಪ್ಲೇ ಮೂಲಕ ಕಟ್ಟಿದಾಗ ಮಾತ್ರ. ಮಗು ಆಟದೊಳಗಿನ ಬೇರೆ ಪಾವತಿಯನ್ನೋ ವೆಬ್‌ಸೈಟನ್ನೋ ಬಳಸಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಕಾರ್ಡಿನ ವಿವರ ಬ್ರೌಸರಿನಲ್ಲಿ ಉಳಿಸಿದ್ದರಂತೂ ಮುಗಿಯಿತು. ನಾಲ್ಕು ಕಾಸು ಜಾಸ್ತಿಯಾದರೂ ಮಕ್ಕಳ ಫೋನಿನಲ್ಲಿ ಸ್ಟೋರಿನ ದಾರಿಯೊಂದೇ ಇರಲಿ.

ವಯಸ್ಸಾದವರಿಗೂ ಹಾಗೆಯೇ. ಒಂದು ಕಡೆ ಪಟ್ಟಿ ಇರುತ್ತದೆ, ಮಕ್ಕಳು ಊರಿಗೆ ಬಂದಾಗ ನೋಡಿ ಬೇಡದ್ದನ್ನು ತೆಗೆಯಬಹುದು.

ದೊಡ್ಡ, ಹಳೆಯ ಕಂಪನಿ, ವರ್ಷಪೂರ್ತಿ ಬಳಸುವುದು ಖಚಿತ, ಲಾಗಿನ್ ನಿಮ್ಮದೇ ಇಮೇಲ್‌ನಲ್ಲಿ ಇದೆ: ಆಗ ವೆಬ್‌ಸೈಟಿನಲ್ಲಿ ವರ್ಷದ ಚಂದಾ ಕಟ್ಟಿ. ಉಳಿತಾಯ ನಿಜವಾಗಿ ಸಿಗುವುದು ಇಲ್ಲಿ. ಕಟ್ಟುವ ಮೊದಲು ಆ್ಯಪ್‌ನ ಬೆಲೆಯನ್ನೂ ವೆಬ್‌ನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಇದ್ದರೆ ಹೊರಗೆ ಹೋಗಲು ಕಾರಣವೇ ಇಲ್ಲ. ಹೆಸರು ಕೇಳಿರದ ಸಣ್ಣ ಆ್ಯಪ್ ಆದರೆ ಸ್ಟೋರಿನಲ್ಲಿ, ಒಂದೊಂದೇ ತಿಂಗಳು.

ಪರದೆಯ ಮೇಲೆ ಎರಡು ಆಯ್ಕೆ ಬರುವ ಮೂರನೆಯ ದಾರಿ ನಮಗೆ ಹೆಚ್ಚೇನೂ ಕೊಡುವುದಿಲ್ಲ. ಬೆಲೆ ಇಳಿಸಿದ್ದರೆ ಸರಿ. ಇಲ್ಲದಿದ್ದರೆ ಕಂಪನಿಯ ಪಾವತಿ ಆರಿಸಿಕೊಂಡು ಸ್ಟೋರಿನ ರಕ್ಷಣೆಯನ್ನು ನಾವೇ ಬಿಟ್ಟುಕೊಟ್ಟಂತೆ.

ಒಂದು ಎಚ್ಚರಿಕೆ. "ಹೊರಗೆ ಕಟ್ಟಿದರೆ ಅಗ್ಗ" ಎಂಬ ಮಾತು ಹಬ್ಬಿದ ಮೇಲೆ ಅದನ್ನೇ ಹಿಡಿದು ವಾಟ್ಸಾಪ್‌ನಲ್ಲಿ ಕೊಂಡಿ ಕಳಿಸುವವರು ಇದ್ದಾರೆ. "ಅರ್ಧ ಬೆಲೆಗೆ ಚಂದಾ" ಅಂತ ಬಂದ ಕೊಂಡಿಯನ್ನು ಒತ್ತಬೇಡಿ, ಅದರ ಜೊತೆ ಬರುವ ಫೈಲನ್ನು ಹಾಕಿಕೊಳ್ಳಲೇಬೇಡಿ. ವಿಳಾಸವನ್ನು ಬ್ರೌಸರಿನಲ್ಲಿ ನೀವೇ ಟೈಪ್ ಮಾಡಿ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಳೆ ಮಡಿಕೇರಿಗೆ ಹೋಗಿ ಕೇಳೋಣ ಅಂತ ಕಾಯಬೇಡಿ, ಮೊದಲ ಗಂಟೆಯೇ ಮುಖ್ಯ.

ಆ್ಯಪ್ ಮಾಡುವವರಿಗೆ: ಲೆಕ್ಕ ಹಾಕಿ ನೋಡಿದ್ದು

ಅಂಗಡಿಯಲ್ಲಿ ಬಾಯಿ ಹಾಕಿದ ಹುಡುಗನಿಗೆ ತನ್ನದೇ ಒಂದು ಕನಸಿದೆ. ಕೊಡವ ತಕ್ಕ್ ಮತ್ತು ಅರೆಭಾಷೆಯ ಮಾತುಗಳನ್ನು ಕನ್ನಡದಲ್ಲಿ ಕಲಿಸುವ ಆ್ಯಪ್. ಬೆಂಗಳೂರಲ್ಲಿ ಬೆಳೆದ ಕೊಡಗಿನ ಮಕ್ಕಳಿಗೆ ಅಜ್ಜಿಯ ಜೊತೆ ಮಾತಾಡಲು. ವರ್ಷಕ್ಕೆ 199 ರೂಪಾಯಿ ಇಡಬೇಕೆಂದಿದ್ದಾನೆ. ಒಂದು ಸಂಜೆ ಮಳೆ ನಿಲ್ಲಲಿ ಅಂತ ಕಾಯುತ್ತಾ ಕೂತಾಗ ಪ್ರಿಂಟರಿನ ಹಾಳೆಯ ಹಿಂಬದಿಯಲ್ಲಿ ಇಬ್ಬರೂ ಲೆಕ್ಕ ಹಾಕಿದೆವು. ಒಂದು ಸಾವಿರ ಜನ ಸೇರಿದರು ಅಂದುಕೊಳ್ಳೋಣ. ಒಟ್ಟು 1,99,000. ಚಂದಾದ ಮೇಲಿನ ತೆರಿಗೆ ಬದಿಗಿಟ್ಟೆವು.

ಪ್ಲೇ ಸ್ಟೋರಿನ ಮೂಲಕವೇ ತೆಗೆದುಕೊಂಡರೆ 15%. ಚಂದಾಗಳಿಗೆ 2022ರಿಂದ ಇದೇ ದರ. ಹೋಗುವುದು 29,850 ರೂಪಾಯಿ. ಸುದ್ದಿಯಲ್ಲಿ ಬರುವ 30% ಇವನಂಥವರಿಗೆ ಬೀಳುವುದಿಲ್ಲ. ಆಪಲ್ ಕೂಡ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ದುಡಿಯುವವರಿಗೆ, ಅರ್ಜಿ ಹಾಕಿದರೆ, 2021ರಿಂದ 15% ಮಾಡಿದೆ.

ಆ್ಯಪ್‌ನೊಳಗೆ ತನ್ನದೇ ಪಾವತಿ ಆಯ್ಕೆ ಇಟ್ಟರೆ ಗೂಗಲ್ 4% ಬಿಡುತ್ತದೆ. ಅಂದರೆ 11%. ಅದರ ಮೇಲೆ ಪೇಮೆಂಟ್ ಗೇಟ್‌ವೇಗೆ, ಅಂದರೆ ಕಾರ್ಡು, ಯುಪಿಐ ದುಡ್ಡನ್ನು ವಸೂಲಿ ಮಾಡಿಕೊಡುವ ಕಂಪನಿಗೆ, ಸುಮಾರು 2%, ಆ 2% ಮೇಲೆ 18% ಜಿಎಸ್‌ಟಿ. ಸೇರಿದರೆ 13.36%. ಹೋಗುವುದು 26,586. ವರ್ಷವಿಡೀ ಎರಡೆರಡು ಲೆಕ್ಕ ಇಟ್ಟು, "ದುಡ್ಡು ಕಟ್ಟಾಯ್ತು, ಪಾಠ ತೆರೀತಿಲ್ಲ" ಎನ್ನುವ ಫೋನುಗಳನ್ನೆಲ್ಲ ತಾನೇ ಎತ್ತಿ ಉಳಿಸಿದ್ದು 3,264 ರೂಪಾಯಿ. ನಮ್ಮ ದೇಶದಲ್ಲಿ ಸಿಕ್ಕ ಈ "ಆಯ್ಕೆ"ಯ ಬಗ್ಗೆ ಆ್ಯಪ್ ಮಾಡುವವರು ಯಾಕೆ ಸಿಟ್ಟಾಗಿದ್ದಾರೆ ಅಂತ ಆ ಹಾಳೆ ನೋಡಿದ ಮೇಲೆ ನನಗೆ ಅರ್ಥವಾಯಿತು. ಅಮೆರಿಕದಲ್ಲಿ ಆಪಲ್ 30%ರ ಬದಲು 27% ಕೇಳಿದ್ದೂ ಹೆಚ್ಚುಕಡಿಮೆ ಇದೇ ಆಟ.

ವೆಬ್‌ಸೈಟಿನಲ್ಲಿ ಮಾರಿದರೆ ಗೇಟ್‌ವೇ ಖರ್ಚು ಮಾತ್ರ, 4,696. ಉಳಿತಾಯ 25,000ಕ್ಕೂ ಜಾಸ್ತಿ. ಹುಡುಗನ ಕಣ್ಣು ಅಲ್ಲೇ ನಿಂತಿತು. ಆದರೆ ವೆಬ್‌ಸೈಟಿಗೆ ಜನ ಬರುವುದು ಹೇಗೆ? ಸ್ಟೋರಿನಲ್ಲಿ ಹುಡುಕಿದರೆ ಸಿಗುತ್ತದೆ, ವೆಬ್‌ಸೈಟನ್ನು ಒಬ್ಬೊಬ್ಬರಿಗೂ ಹೇಳಿ ಕರೆತರಬೇಕು. ಸಾವಿರ ಜನ ಬರುವ ಕಡೆ ಮುನ್ನೂರು ಬಂದರೆ ಉಳಿತಾಯ ತಲೆಕೆಳಗು. ಫೋನ್‌ಪೇಯವರ ಇಂಡಸ್ ಆ್ಯಪ್‌ಸ್ಟೋರ್ 2024ರ ಫೆಬ್ರವರಿಯಲ್ಲಿ ಬಂತು, ಕನ್ನಡದಲ್ಲೂ ಇದೆ, ಬೇರೆ ಗೇಟ್‌ವೇ ಬಳಸಿದರೆ ಕಮಿಷನ್ ಇಲ್ಲ ಅಂತ ಹೇಳಿಕೊಂಡೇ ಬಂದಿದೆ. ಅಲ್ಲೂ ಹಾಕಬಹುದು. ಆದರೆ ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ನಾನು ಅದನ್ನು ಕಂಡದ್ದು ತೀರಾ ಕಡಿಮೆ.

ಸ್ಟೋರಿಗೆ ಸೇರುವ ಖರ್ಚೂ ಇದೆ. ಗೂಗಲ್‌ಗೆ ಒಂದು ಸಲ 25 ಡಾಲರ್. ಆಪಲ್‌ಗೆ ಪ್ರತಿ ವರ್ಷ 99 ಡಾಲರ್. 199 ರೂಪಾಯಿಯ ಆ್ಯಪ್‌ಗೆ ಆಪಲ್ ಸದ್ಯಕ್ಕೆ ಬೇಡ ಅಂತ ಇಬ್ಬರಿಗೂ ಅನ್ನಿಸಿತು.

ಅವನು ಕೊನೆಗೆ ಬರೆದುಕೊಂಡದ್ದು ಹೀಗೆ. ಮೊದಲ ಹತ್ತು ಪಾಠ ಎಲ್ಲರಿಗೂ ಉಚಿತ, ಪ್ಲೇ ಸ್ಟೋರಿನಲ್ಲಿ. ಮುಂದಿನ ಪಾಠಗಳು ಸ್ಟೋರಿನ ಪಾವತಿಯಲ್ಲೇ 199. ಕೊಡವ ಸಮಾಜ, ಗೌಡ ಸಮಾಜಗಳಲ್ಲಿ ಮದುವೆ, ಹಬ್ಬಕ್ಕೆ ಸೇರಿದಾಗ ಒಂದು ಮೇಜು ಹಾಕಿ, ಅಲ್ಲಿ ಸೇರುವವರಿಗೆ ವೆಬ್‌ಸೈಟಿನಲ್ಲಿ 169, ಆಟೋಪೇ ಇಲ್ಲ, ವರ್ಷ ಮುಗಿದರೆ ತಾನೇ ನಿಲ್ಲುತ್ತದೆ. ಆ ಕೊನೆಯ ಸಾಲು ಹಾಕಿಸಿದ್ದು ನಾನು. ಅಮ್ಮತ್ತಿಯ ಅಕ್ಕನ ಕಥೆ ಅವನಿಗೆ ಆಗಲೇ ಹೇಳಿದ್ದೆ.

ಮೊಮ್ಮಗಳ ಪಾಠದ ಆ್ಯಪ್ ಬಗ್ಗೆ ಕೇಳಿದ ಮಾವ ಮುಂದಿನ ವಾರ ಮತ್ತೆ ಬಂದರು. ಆ್ಯಪ್‌ನ ಬೆಲೆ, ವೆಬ್‌ನ ಬೆಲೆ ಎರಡನ್ನೂ ಅವರ ಮುಂದೆಯೇ ತೆರೆದೆ. ಎರಡೂ ಒಂದೇ ಇತ್ತು. ಸ್ಟೋರಿನಲ್ಲೇ ಮೂರು ತಿಂಗಳಿಗೆ ಕಟ್ಟಿ, ರಶೀದಿ ಪ್ರಿಂಟ್ ತೆಗೆದು ಕೊಟ್ಟೆ. ಚಂದಾ ರದ್ದು ಮಾಡಬೇಕಾದ ತಾರೀಖನ್ನು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.